ಹಿತ್ತಲಿನ ಹೊಗೆಸೊಪ್ಪು, ಗೋಡೆಯಾಚೆಯ ರೇಷ್ಮೆ ಹುಳು: ಶಿಡ್ಲಘಟ್ಟ ಕಡೆಯ ಒಂದು ಪ್ರಕರಣ

ಇದು ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಡೆದದ್ದು. ಊರಿನ ಹೆಸರು, ಮನೆಯವರ ಹೆಸರು ಬರೆಯುವುದಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಎರಡೂ ಮನೆಯವರು ಬರೆಯಲು ಒಪ್ಪಿದ್ದಾರೆ.

ನಾನು ಈ ಭಾಗದ ರೇಷ್ಮೆ ತೋಟ, ಹುಳು ಮನೆಗಳಲ್ಲಿ ಓಡಾಡಿಕೊಂಡು ಬೆಳೆಗಾರರಿಗೆ ಸಲಹೆ ಹೇಳುವ ಕೆಲಸದಲ್ಲಿದ್ದೇನೆ. ಬೆಂಗಳೂರಿನಿಂದ ಊರಿಗೆ ವಾಪಸ್ ಬಂದು ಹಿತ್ತಲಲ್ಲಿ ಏನಾದರೂ ಹೊಸದು ಬೆಳೆಯೋಣ ಅನ್ನುವ ಹುಡುಗರು ಈಗ ಜಾಸ್ತಿಯಾಗಿದ್ದಾರೆ. ಅದು ಒಳ್ಳೆಯದೇ. ಆದರೆ ಹಿತ್ತಲಿನ ಗೋಡೆಯಾಚೆ ಏನಿದೆ ಅನ್ನುವುದನ್ನು ನೋಡದೆ ಗಿಡ ಇಟ್ಟರೆ ಏನಾಗಬಹುದು ಅನ್ನುವುದು ಈ ಪ್ರಕರಣದಲ್ಲಿ ಚೆನ್ನಾಗಿ ಕಾಣುತ್ತದೆ. ನಾನು ಇದರೊಳಗೆ ಬಂದದ್ದು ಕೊನೆಯ ಹಂತದಲ್ಲಿ. ಮೊದಲಿನ ಕಥೆಯನ್ನು ಮನೆಯವರು ಹೇಳಿದಂತೆ, ಹುಡುಗ ಫೋನಿನಲ್ಲಿ ತೆಗೆದಿಟ್ಟಿದ್ದ ಫೋಟೋಗಳನ್ನು ನೋಡಿಕೊಂಡು ಬರೆದಿದ್ದೇನೆ.

ಮನೆ ಮತ್ತು ಹಿತ್ತಲು

ಮನೆಯಲ್ಲಿ ನಾಲ್ಕು ಜನ. ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕಿಕೊಳ್ಳುವ ಅಜ್ಜಿ, ಅವರ ಮಗ, ಸೊಸೆ, ಮೊಮ್ಮಗ. ಮೊದಲು ಈ ಮನೆಯವರೂ ಹುಳು ಮೇಯಿಸುತ್ತಿದ್ದರು. ಕೂಲಿಯವರು ಸಿಗದೆ ಬಿಟ್ಟರು. ಹುಳು ಮನೆ ಖಾಲಿ ಬಿದ್ದಿತ್ತು. ಹುಳು ಗೂಡು ಕಟ್ಟಲು ಬಿಡುವ ಹಳೆಯ ಬಿದಿರಿನ ಚಂದ್ರಿಕೆಗಳು ಅಲ್ಲೇ ಗೋಡೆಗೆ ಒರಗಿದ್ದವು. ಹಿತ್ತಲಿನ ಸುತ್ತ ಎದೆಮಟ್ಟದ ಕಾಂಪೌಂಡ್. ಅದರಾಚೆ ಪಕ್ಕದ ಮನೆಯವರ ರೇಷ್ಮೆ ತೋಟ, ಅಂದರೆ ಹುಳುವಿನ ಮೇವಿನ ಹಿಪ್ಪುನೇರಳೆ, ವಿ-1 ತಳಿಯದು. ಗೋಡೆಗೂ ಅವರ ಮೊದಲ ಸಾಲಿಗೂ ನಡುವೆ ಹತ್ತು ಅಡಿಯೂ ಇಲ್ಲ.

ಹೊಗೆಸೊಪ್ಪು ಬೆಳೆಯಬೇಕು ಅನ್ನುವ ಯೋಚನೆಗೆ ಎರಡು ಕಾರಣ ಇದ್ದವು. ಅಜ್ಜಿಗೆ ಅಂಗಡಿಯದು ಬೇಡವಾಗಿತ್ತು. "ಅದಕ್ಕೆ ಏನೇನು ಔಷಧಿ ಹೊಡೆದಿರ್ತಾರೋ, ಬಾಯೆಲ್ಲಾ ಉರಿಯುತ್ತೆ ಕಣಪ್ಪಾ" ಅನ್ನುತ್ತಿದ್ದರು. ಮೊಮ್ಮಗನಿಗೆ ಬೇರೆ ಲೆಕ್ಕ. ಅವನು ಹಿತ್ತಲಿನ ಹುರುಳಿಕಾಯಿ, ಮೆಣಸಿನ ಗಿಡಕ್ಕೆ ಅಂಗಡಿ ಔಷಧಿ ಹೊಡೆಯಬಾರದು ಅಂತ ನಿರ್ಧಾರ ಮಾಡಿದ್ದ. ಸಹಜ ಕೃಷಿಯವರು ಕೀಟಕ್ಕೆ ಹೊಡೆಯಲು ಮಾಡುವ ಅಗ್ನಿ ಅಸ್ತ್ರ ಅನ್ನುವ ಕಷಾಯದಲ್ಲಿ ಗಂಜಲ, ಬೇವಿನ ಸೊಪ್ಪು, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಜೊತೆಗೆ ಹೊಗೆಸೊಪ್ಪಿನ ಪುಡಿಯೂ ಬೀಳುತ್ತದೆ. ಅದನ್ನು ಮನೆಯಲ್ಲೇ ಬೆಳೆದರೆ ದುಡ್ಡೂ ಉಳಿಯುತ್ತದೆ, ಅಜ್ಜಿಗೂ ಆಗುತ್ತದೆ ಅಂದುಕೊಂಡ.

ಇಬ್ಬರದೂ ಒಳ್ಳೆಯ ಉದ್ದೇಶವೇ. ಆದರೆ ಎರಡಕ್ಕೂ ಒಂದೇ ನಂಬಿಕೆ ತಳಹದಿ: ಮನೆಯಲ್ಲಿ ಬೆಳೆದದ್ದು, ಔಷಧಿ ಹೊಡೆಯದ್ದು, ಹಾಗಾಗಿ ತೊಂದರೆ ಇಲ್ಲ. ಹೊಗೆಸೊಪ್ಪಿನ ವಿಷಯದಲ್ಲಿ ಈ ನಂಬಿಕೆ ನಿಲ್ಲುವುದಿಲ್ಲ. ಅದರ ವಿಷ ಯಾರೂ ಹೊರಗಿನಿಂದ ಹೊಡೆದದ್ದಲ್ಲ. ನಿಕೋಟಿನ್ ಆ ಗಿಡದ ಬೇರಿನಲ್ಲೇ ತಯಾರಾಗಿ ಎಲೆಗೆ ಏರುತ್ತದೆ. ಹುಳುಹುಪ್ಪಟೆ ತಿನ್ನಬಾರದು ಅಂತ ಗಿಡ ತಾನೇ ಮಾಡಿಕೊಂಡ ಔಷಧಿ ಅದು.

ಬೀಜದ ವಿಷಯ

ಮೊದಲು ಸಿಕ್ಕಿದ್ದು ಪಿರಿಯಾಪಟ್ಟಣ ಕಡೆಯ ನೆಂಟರಿಂದ ತಂದ ಬೀಜ. ಆ ಕಡೆ ಬೆಳೆಯುವುದು ವರ್ಜೀನಿಯಾ ತಂಬಾಕು. ಅದನ್ನು ಸುಮ್ನೆ ಯಾರು ಬೇಕಾದರೂ ಬೆಳೆಯುವಂತಿಲ್ಲ. 1975ರ ತಂಬಾಕು ಮಂಡಳಿ ಕಾಯ್ದೆ ಪ್ರಕಾರ ವರ್ಜೀನಿಯಾ ಬೆಳೆಗಾರರು ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. ಇದನ್ನು ಹುಡುಗನಿಗೆ ಹೇಳಿದ್ದು ಬೀಜ ಕೊಟ್ಟ ನೆಂಟರೇ. ಅವನು ಆ ಬೀಜ ಬಿತ್ತಲಿಲ್ಲ. ಗಡಿಯಾಚೆಯಿಂದ ನಾಟಿ ಹೊಗೆಸೊಪ್ಪಿನ ಬೀಜ ತರಿಸಿದ. ಈ ತೀರ್ಮಾನ ಸರಿಯಾಗಿತ್ತು. ಬೀಜ ಯಾವುದು, ಎಲ್ಲಿಂದ ಬಂತು ಅಂತ ಕೇಳಿ ತಿಳಿದುಕೊಂಡ ಅದೇ ಹುಡುಗ, ಅಕ್ಕಪಕ್ಕದಲ್ಲಿ ಏನಿದೆ ಅಂತಲೂ ಕೇಳಿಕೊಂಡಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಶೇಡ್ ನೆಟ್ (ನೆರಳಿನ ಪರದೆ) ಯಾಕೆ ಬಂತು

ಹುಡುಗ ನೋಡಿದ ವಿಡಿಯೊಗಳಲ್ಲಿ ಹೊಗೆಸೊಪ್ಪು ಬಟ್ಟೆಯ ಚಪ್ಪರದ ಕೆಳಗೆ ಬೆಳೆಯುತ್ತಿತ್ತು. ಆ ಪದ್ಧತಿ ನಿಜವಾಗಿಯೂ ಇದೆ. ಅಮೆರಿಕದ ಕನೆಕ್ಟಿಕಟ್ ಕಣಿವೆಯಲ್ಲಿ 1900ರ ಸುಮಾರಿಗೆ ಸುಮಾತ್ರಾ ತಳಿಯ ಹೊಗೆಸೊಪ್ಪನ್ನು ತೆಳು ಬಟ್ಟೆಯ ಕೆಳಗೆ ಬೆಳೆಸಲು ಶುರು ಮಾಡಿದರು. ಕ್ಯೂಬಾದಲ್ಲೂ ಚಪ್ಪರದ ಬೆಳೆ ಇದೆ. ಉದ್ದೇಶ ಒಂದೇ. ಬಿಸಿಲು ಕಮ್ಮಿ ಮಾಡಿ, ಒಳಗೆ ತೇವ ಹಿಡಿದಿಟ್ಟು, ಎಲೆ ಅಗಲ ಆಗುವಂತೆ, ತೆಳ್ಳಗಾಗುವಂತೆ, ನರಗಳು ಸಣ್ಣಗಾಗುವಂತೆ ನೋಡಿಕೊಳ್ಳುವುದು. ಅಂಥ ಎಲೆ ಸಿಗಾರಿನ ಹೊರಸುತ್ತಿಗೆ ಬೇಕು. ತೂತಿಲ್ಲದ, ಒಂದೇ ಬಣ್ಣದ, ನಯವಾದ ಎಲೆಗೆ ಅಲ್ಲಿ ಒಳ್ಳೆಯ ಬೆಲೆ.

ಈ ಮನೆಯಲ್ಲಿ ಸಿಗಾರ್ ಸುತ್ತುವವರು ಯಾರೂ ಇರಲಿಲ್ಲ. ಅಜ್ಜಿಗೆ ಬೇಕಿದ್ದದ್ದು ಜಗಿಯುವ ಎಲೆ. ಅದು ದಪ್ಪ ಇರಬೇಕು, ಭಾರ ಇರಬೇಕು, ಕೈಗೆ ಅಂಟಬೇಕು. ಮೊಮ್ಮಗನಿಗೆ ಬೇಕಿದ್ದದ್ದು ಕಷಾಯಕ್ಕೆ ಪುಡಿ, ಅಂದರೆ ತೂಕ. ಎರಡಕ್ಕೂ ಬೇಕಾದದ್ದು ಒಳ್ಳೆಯ ಬಿಸಿಲು. ಶೇಡ್ ನೆಟ್ ಕೊಡುವುದು ಇದಕ್ಕೆ ಪೂರ್ತಿ ಉಲ್ಟಾ ಎಲೆಯನ್ನು. ಎಲೆ ಯಾವ ಕೆಲಸಕ್ಕೆ ಅನ್ನುವ ಪ್ರಶ್ನೆ ಪರದೆ ಕಟ್ಟುವ ಮೊದಲು ಬರಲೇ ಇಲ್ಲ. ತಂತ್ರ ಕಣ್ಣಿಗೆ ಚೆನ್ನಾಗಿ ಕಂಡಿತು, ಅದನ್ನು ಹಾಗೇ ತಂದರು.

ಪರದೆಗೆ ಇನ್ನೊಂದು ಕಾರಣವನ್ನೂ ಹುಡುಗ ಹೇಳಿದ. "ಪರದೆ ಕಟ್ಟಿದ್ರೆ ಏನಿದ್ರೂ ಒಳಗೇ ಇರುತ್ತೆ, ಆಚೆ ಯಾರಿಗೂ ತೊಂದ್ರೆ ಆಗಲ್ಲ ಅಂದ್ಕೊಂಡೆ ಸರ್." ಮುಂದೆ ಆದದ್ದೆಲ್ಲ ಈ ಮಾತಿನ ಸುತ್ತಲೇ ಇದೆ, ಹಾಗಾಗಿ ಇಲ್ಲಿ ಬರೆದಿದ್ದೇನೆ.

ಗಿಡ ಬೆಳೆದ ಬಗೆ

ಜೂನ್‌ನಲ್ಲಿ ಬೀಜ ಹಾಕಿದರು. ಹೊಗೆಸೊಪ್ಪಿನ ಬೀಜ ಬಹಳ ಸಣ್ಣದು. ಒಂದು ಗ್ರಾಂಗೆ ಹತ್ತು ಸಾವಿರದಷ್ಟು ಬೀಜ ಇರುತ್ತದೆ. ಮಣ್ಣಿನೊಳಗೆ ಹೂಳಬಾರದು, ಮೇಲೆ ಉದುರಿಸಿ ಮೆಲ್ಲಗೆ ನೀರು ಚಿಮುಕಿಸಬೇಕು. ಹುಡುಗ ಬೀಜವನ್ನು ಮರಳಿನ ಜೊತೆ ಕಲಸಿ ಟ್ರೇಗಳಲ್ಲಿ ಕೋಕೊಪಿಟ್ ಮೇಲೆ ಉದುರಿಸಿದ. ಮೇಲೆ ನೆಟ್ ಇದ್ದದ್ದರಿಂದ ಮಳೆ ಹನಿ ಬಿದ್ದು ಬೀಜ ಚೆಲ್ಲಾಡಲಿಲ್ಲ. ಈ ಹಂತದಲ್ಲಿ ನೆಟ್ ನಿಜವಾಗಿಯೂ ಕೆಲಸಕ್ಕೆ ಬಂತು. ಇಡೀ ಪ್ರಕರಣದಲ್ಲಿ ಅದು ತನ್ನ ಕೆಲಸ ಸರಿಯಾಗಿ ಮಾಡಿದ್ದು ಇಲ್ಲೊಂದೇ ಕಡೆ.

ಆಗಸ್ಟ್‌ನಲ್ಲಿ ಸಸಿಗಳನ್ನು ಹಿತ್ತಲಿನ ಮಡಿಗೆ ನಾಟಿ ಮಾಡಿದರು. ನೀಲಗಿರಿ ಗಳ ನೆಟ್ಟು, ಬೈಂಡಿಂಗ್ ವೈರ್ ಎಳೆದು, ಯಾರೋ ಕೊಟ್ಟ ಹಳೆಯ ಹಸಿರು ನೆಟ್ ಹೊದಿಸಿದರು. ಅದು 75 ಪರ್ಸೆಂಟ್ ನೆಟ್. ಅಂದರೆ ಮುಕ್ಕಾಲು ಬೆಳಕನ್ನು ಮೇಲೆಯೇ ತಡೆಯುತ್ತದೆ. ಮಳೆಗಾಲದ ಮೋಡದ ಬೆಳಕಲ್ಲಿ ಕಾಲು ಭಾಗ ಮಾತ್ರ ಕೆಳಗಿಳಿದರೆ ಗಿಡಕ್ಕೆ ಸಾಲುತ್ತದಾ? ಸಸಿಗಳು ಉದ್ದುದ್ದಕ್ಕೆ ಎದ್ದವು, ದಂಟು ಸಣಕಲಾಯಿತು, ಗಾಳಿಗೆ ಬಾಗಿದವು. ಹುಡುಗ ಇದನ್ನು ಗಮನಿಸಿ ಅರ್ಧ ಮಡಿಯ ನೆಟ್ ತೆಗೆದುಬಿಟ್ಟ. ಇನ್ನರ್ಧಕ್ಕೆ 50 ಪರ್ಸೆಂಟ್ ನೆಟ್ ಕೊಂಡು ತಂದು ಹೊದಿಸಿದ. ಒಳ್ಳೆಯ ಕೆಲಸ ಮಾಡಿದ. ಇದರಿಂದ ಒಂದೇ ಬೀಜ, ಒಂದೇ ಮಣ್ಣು, ಒಂದೇ ನೀರಿನಲ್ಲಿ ನೆರಳಿನ ಗಿಡ ಮತ್ತು ಬಿಸಿಲಿನ ಗಿಡ ಅಕ್ಕಪಕ್ಕ ನೋಡಲು ಸಿಕ್ಕವು.

ವ್ಯತ್ಯಾಸ ಫೋಟೋದಲ್ಲೇ ಕಾಣುತ್ತದೆ. ನೆಟ್ ಕೆಳಗಿನ ಎಲೆ ಅಗಲ, ತೆಳ್ಳಗೆ, ಕಡುಹಸಿರು. ಬಯಲಿನ ಎಲೆ ಚಿಕ್ಕದು, ದಪ್ಪ, ಒರಟು, ಮುಟ್ಟಿದರೆ ಕೈಗೆಲ್ಲ ಅಂಟು. ನೆರಳಿನ ಎಲೆಯನ್ನು ಒಣಗಿಸಿ ಅಜ್ಜಿಯ ಕೈಗೆ ಕೊಟ್ಟಾಗ ಅವರು ಬೆರಳಲ್ಲಿ ಉಜ್ಜಿ ನೋಡಿ, "ಇದು ಪೇಪರ್ ಇದ್ದಂಗಿದೆ, ಖಾರವೇ ಇಲ್ಲ" ಅಂದರಂತೆ. ಮಳೆ ಬಂದಾಗ ನೆಟ್ ಕೆಳಗೆ ಎಲೆ ಬೇಗ ಆರುತ್ತಿರಲಿಲ್ಲ. ಕೆಳಗಿನ ಎಲೆಗಳ ಮೇಲೆ ನಡುವೆ ಬಿಳಿ, ಸುತ್ತ ಕಂದು ಇರುವ ಚುಕ್ಕೆಗಳು ಬಂದವು. ಕಪ್ಪೆಕಣ್ಣು ಚುಕ್ಕೆ ರೋಗ ಅನ್ನುತ್ತಾರೆ, ತೇವ ಜಾಸ್ತಿ ಇದ್ದಲ್ಲಿ ಬರುವಂಥದ್ದು. ಬಿಳಿ ನೊಣವೂ ಬಂತು. ಶೇಡ್ ನೆಟ್‌ನ ಕಣ್ಣು ಬಿಳಿ ನೊಣಕ್ಕೆ ಬಾಗಿಲು ತೆರೆದಿಟ್ಟಂತೆಯೇ. ಅದನ್ನು ತಡೆಯಬೇಕಾದರೆ 40, 50 ಮೆಶ್‌ನ ಕೀಟ ತಡೆಯುವ ಪರದೆ ಬೇಕು, ಅದೇ ಬೇರೆ ಸಾಮಾನು.

ಟೊಮೆಟೊ, ಮೆಣಸಿನಕಾಯಿ, ಬದನೆ ಬೆಳೆಯುವವರು ಇಲ್ಲಿ ಒಂದು ಮಾತು ಗಮನಿಸಬೇಕು. ಇವೆಲ್ಲ ಹೊಗೆಸೊಪ್ಪಿನ ಕುಟುಂಬದವೇ. ಮೊಸಾಯಿಕ್ ನಂಜು ರೋಗ ಒಂದರಿಂದ ಇನ್ನೊಂದಕ್ಕೆ ಮುಟ್ಟಿದ ಕೈಯಿಂದಲೇ ಹೋಗುತ್ತದೆ. ಒಣಗಿದ ಹೊಗೆಸೊಪ್ಪಿನಲ್ಲೂ ಆ ನಂಜು ಉಳಿದಿರುತ್ತದೆ. ಹೊಗೆಸೊಪ್ಪು ತಿಕ್ಕಿದ ಕೈಯಲ್ಲಿ ಟೊಮೆಟೊ ಸಸಿ ಮುಟ್ಟಬೇಡಿ, ಸೋಪು ಹಾಕಿ ತೊಳೆದುಕೊಳ್ಳಿ ಅಂತ ನರ್ಸರಿಗಳಲ್ಲಿ ಹೇಳುವುದು ಇದಕ್ಕೇ. ಈ ಹಿತ್ತಲಿನಲ್ಲಿ ಅದು ದೊಡ್ಡ ಸಮಸ್ಯೆ ಆಗಲಿಲ್ಲ, ಹಾಗಾಗಿ ಮುಂದೆ ಹೋಗುತ್ತೇನೆ.

ಹೂವಿನ ಮೊಗ್ಗು ಬಂದಾಗ ತುದಿ ಚಿವುಟಿದರು, ಪಕ್ಕದ ಚಿಗುರುಗಳನ್ನೂ ತೆಗೆದರು. ಹೊಗೆಸೊಪ್ಪು ಬೆಳೆಯುವವರೆಲ್ಲ ಮಾಡುವ ಕೆಲಸ ಇದು. ತುದಿ ತೆಗೆದ ಮೇಲೆ ಎಲೆ ದಪ್ಪವಾಗುತ್ತದೆ, ಎಲೆಯಲ್ಲಿ ನಿಕೋಟಿನ್ ಕೂಡ ಏರುತ್ತದೆ.

ಸೊಸೆಗೆ ಆದದ್ದು

ಅಕ್ಟೋಬರ್. ನಮ್ಮ ಭಾಗದಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಅಂದರೆ ವರ್ಷದಲ್ಲೇ ಜಾಸ್ತಿ ಮಳೆ ಬೀಳುವ ಕಾಲ. ರಾತ್ರಿ ಜಿನುಗು ಮಳೆ ಬಂದಿತ್ತು. ಬೆಳಿಗ್ಗೆ ಬೇಗ ಎದ್ದು ಮನೆಯ ಸೊಸೆ, ಅಂದರೆ ಹುಡುಗನ ತಾಯಿ, ಅಗ್ನಿ ಅಸ್ತ್ರಕ್ಕೆ ಅಂತ ನೆಟ್ ಕೆಳಗಿನ ಗಿಡಗಳ ಬುಡದ ಎಲೆ ಕಿತ್ತರು. ಎಲೆಯೆಲ್ಲ ಒದ್ದೆ. ಬರಿಗೈ. ಕಿತ್ತ ಎಲೆಯನ್ನು ಕಂಕುಳಿಗೆ ಒತ್ತಿ ಹಿಡಿದುಕೊಂಡರು, ಸೀರೆ, ರವಿಕೆ ನೆನೆದುಹೋಯಿತು.

ತಿಂಡಿ ಹೊತ್ತಿಗೆ ತಲೆ ಸುತ್ತು ಶುರುವಾಯಿತು. ಆಮೇಲೆ ವಾಂತಿ, ತಲೆನೋವು, ಮೈ ಬೆವರು. ಮನೆಯವರು ಪಿತ್ತ ಅಂದರು. ಶುಂಠಿ, ನಿಂಬೆಹಣ್ಣು ಕೊಟ್ಟರು. ಅಜ್ಜಿ ದೃಷ್ಟಿ ತೆಗೆದರು. ಮಧ್ಯಾಹ್ನವಾದರೂ ಕಮ್ಮಿ ಆಗದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಆ ಡಾಕ್ಟರು ಬಿಪಿ ನೋಡಿ, ಏನು ತಿಂದಿರಿ ಅಂತ ಕೇಳಿ, ಆಮೇಲೆ ಕೇಳಿದ ಪ್ರಶ್ನೆಯೇ ಮುಖ್ಯವಾದದ್ದು: "ಬೆಳಿಗ್ಗೆಯಿಂದ ಏನೇನು ಕೆಲಸ ಮಾಡಿದ್ರಮ್ಮಾ?" ಹೊಗೆಸೊಪ್ಪು ಅಂದ ತಕ್ಷಣ ಅವರಿಗೆ ಗೊತ್ತಾಯಿತು.

ಇದು ಹೊಗೆಸೊಪ್ಪು ಕೀಳುವ ಕೂಲಿಯವರಲ್ಲಿ ಲೋಕದ ಎಲ್ಲಾ ಕಡೆ ಕಾಣುವ ಕಾಯಿಲೆ. ನಿಕೋಟಿನ್ ನೀರಿನಲ್ಲಿ ಕರಗುತ್ತದೆ. ಇಬ್ಬನಿ, ಮಳೆ ನೀರು ಎಲೆ ಮೇಲೆ ನಿಂತರೆ ಆ ನೀರಿಗೆ ಇಳಿಯುತ್ತದೆ, ಅಲ್ಲಿಂದ ಚರ್ಮದ ಮೂಲಕ ಮೈಗೆ ಸೇರುತ್ತದೆ. ಒಣ ಎಲೆಗಿಂತ ಒದ್ದೆ ಎಲೆ ಅಪಾಯ. ಹೊಗೆಸೊಪ್ಪು ಅಭ್ಯಾಸ ಇಲ್ಲದವರಿಗೆ, ಮಕ್ಕಳಿಗೆ ಇನ್ನೂ ಜಾಸ್ತಿ. ಶೇಡ್ ನೆಟ್ ಕೆಳಗೆ ಎಲೆ ಆರಲು ತಡ ಆಗುತ್ತದೆ ಅಂದೆನಲ್ಲ, ಅದರ ಬೆಲೆಯನ್ನು ಸೊಸೆ ಕೊಟ್ಟರು. ಒದ್ದೆ ಬಟ್ಟೆ ಬದಲಾಯಿಸಿ, ಮೈ ಸೋಪು ಹಾಕಿ ತೊಳೆದು, ಮಲಗಿದ ಮೇಲೆ ಮರುದಿನಕ್ಕೆ ಸರಿಹೋದರು.

ಈ ಹೊತ್ತಿಗೆ ನಿಲ್ಲಬಹುದಿತ್ತು. ಮನೆಯವರು ತೆಗೆದುಕೊಂಡ ತೀರ್ಮಾನ ಏನೆಂದರೆ, ಇನ್ನು ಮುಂದೆ ಬಿಸಿಲು ಬಂದ ಮೇಲೆ ಗ್ಲೌಸ್ ಹಾಕಿಕೊಂಡು ಕೀಳುವುದು. ಮುಟ್ಟುವವರಿಗೆ ಅದು ಸರಿಯಾದ ಎಚ್ಚರಿಕೆ. ಮುಟ್ಟದವರ ಬಗ್ಗೆ ಯಾರೂ ಯೋಚಿಸಲಿಲ್ಲ. ಕಿತ್ತಿದ್ದ ಎಲೆಯನ್ನು ಹುಡುಗ ಬಿಸಾಡಲಿಲ್ಲ. ಗಂಜಲದಲ್ಲಿ ಕುದಿಸಿ, ಎರಡು ದಿನ ಇಟ್ಟು, ಸೋಸಿ, ಕೈ ಸ್ಪ್ರೇಯರ್‌ನಲ್ಲಿ ಹುರುಳಿಕಾಯಿ ಬಳ್ಳಿಗೆ ಹೊಡೆದ. ಅಳತೆ ಕಣ್ಣಂದಾಜಿನದು, ಪುಡಿಯ ಬದಲು ಹಸಿ ಎಲೆ. ಆ ಬಳ್ಳಿ ಹಬ್ಬಿದ್ದು ಕಾಂಪೌಂಡ್ ಗೋಡೆ ಮೇಲೆ.

ಗೋಡೆಯಾಚೆ

ಪಕ್ಕದ ಮನೆಯವರ ಹುಳು ನಾಲ್ಕನೇ ಜ್ವರ ಎದ್ದಿತ್ತು. ರೇಷ್ಮೆ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಜ್ವರ ಅಂದರೆ ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತು. ನಾಲ್ಕನೇ ಜ್ವರ ಎದ್ದ ಮೇಲೆ ಗೂಡು ಕಟ್ಟುವವರೆಗಿನ ಏಳೆಂಟು ದಿನದಲ್ಲಿ ಹುಳು ತನ್ನ ಜೀವಮಾನದ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತರಷ್ಟನ್ನು ತಿನ್ನುತ್ತದೆ. ಮನೆಯವರು ರಾತ್ರಿ ಹಗಲು ಸೊಪ್ಪು ಹಾಕುತ್ತಾರೆ. ಖರ್ಚೆಲ್ಲ ಆಗಿ ಹೋಗಿರುತ್ತದೆ, ದುಡ್ಡು ಇನ್ನೂ ಬಂದಿರುವುದಿಲ್ಲ. ಹುಳು ಕೆಡಬಾರದ ಹೊತ್ತು ಅಂದರೆ ಇದೇ.

ಆ ಮನೆಯಾಕೆ ಫೋನ್ ಮಾಡಿದರು. "ಸರ್, ಹುಳ ತಲೆ ಎತ್ಕೊಂಡು ನಿಂತಿದೆ. ಸೊಪ್ಪು ಮುಟ್ತಾ ಇಲ್ಲ. ಬಾಯಿಂದ ನೀರು ಕಕ್ತಾ ಇದೆ."

ನಾನು ಹೋದಾಗ ಹುಳು ಮೇಯಿಸುವ ಒಂದು ಬದಿಯ ಸ್ಟ್ಯಾಂಡಿನಲ್ಲಿ ಹುಳುಗಳು ತಲೆ, ಎದೆ ಭಾಗ ಹಿಂದಕ್ಕೆ ಬಾಗಿಸಿಕೊಂಡಿದ್ದವು. ಕೆಲವು ಮೈ ಕುಗ್ಗಿದ್ದವು. ಕೆಲವು ಕಂದು, ಹಸಿರು ರಸ ಕಾರಿದ್ದವು. ಎದುರಿನ ಸ್ಟ್ಯಾಂಡಿನ ಹುಳು ಚೆನ್ನಾಗಿ ಮೇಯುತ್ತಿದ್ದವು. ರೋಗವಾ ಅಂತ ಮೊದಲು ನೋಡಬೇಕು. ಹಾಲುತೊಂಡೆ ಆಗಿದ್ದರೆ ಮೈ ಗಂಟುಗಂಟಾಗಿ ಊದಿ, ಚುಚ್ಚಿದರೆ ಹಾಲಿನಂಥ ರಸ ಬರುತ್ತದೆ. ಸಪ್ಪೆ ರೋಗ ಆಗಿದ್ದರೆ ಹುಳು ಮೆತ್ತಗಾಗಿ, ಹಿಕ್ಕೆ ನೀರಾಗಿ, ನಿಧಾನವಾಗಿ ಹರಡುತ್ತದೆ. ಇಲ್ಲಿ ಎರಡೂ ಇಲ್ಲ. ರಾತ್ರಿ ಸರಿ ಇದ್ದದ್ದು ಬೆಳಿಗ್ಗೆ ಕೆಟ್ಟಿತ್ತು, ಅದೂ ಒಂದೇ ಬದಿಯಲ್ಲಿ. ಹಾಗಾದರೆ ಅದು ವಿಷ, ಸೊಪ್ಪಿನಿಂದ ಬಂದದ್ದು.

"ಈ ಸ್ಟ್ಯಾಂಡಿಗೆ ಯಾವ ಸಾಲಿನ ಸೊಪ್ಪು ಹಾಕಿದ್ರಿ ಅಕ್ಕಾ?"

"ಗೋಡೆ ಪಕ್ಕದ್ದು. ರಾತ್ರಿ ಕತ್ತಲಲ್ಲಿ ದೂರ ಯಾಕೆ ಹೋಗೋದು ಅಂತ."

ಅವರ ಗಂಡನಿಗೆ ಮೊದಲು ಅನುಮಾನ ಬಂದದ್ದು ರಸ್ತೆಯಾಚೆಯ ಟೊಮೆಟೊ ತೋಟದವರ ಮೇಲೆ. ಅವರು ಔಷಧಿ ಹೊಡೆಯುವುದು ಊರಿಗೇ ಗೊತ್ತು. ಆದರೆ ಗಾಳಿ ಆ ಕಡೆಯಿಂದ ಬರುತ್ತಿರಲಿಲ್ಲ, ಟೊಮೆಟೊ ತೋಟದ ಹತ್ತಿರದ ಸಾಲಿನ ಸೊಪ್ಪು ತಿಂದ ಹುಳು ಚೆನ್ನಾಗಿತ್ತು. ನಾನು ಗೋಡೆ ಹತ್ತಿರ ಹೋದೆ. ಗೋಡೆಯಾಚೆ ಹಸಿರು ನೆಟ್ ಕಂಡಿತು. ನೆಟ್ ಕೆಳಗೆ ಹೊಗೆಸೊಪ್ಪು ಕಂಡಿತು. ಅಲ್ಲೇ ಪಾತ್ರೆ ತೊಳೆಯುತ್ತಿದ್ದ ಸೊಸೆ ವಿಷಯ ಕೇಳಿ, "ನಂಗೂ ಹೋದ ವಾರ ಹಿಂಗೇ ವಾಂತಿ ಆಗಿತ್ತಲ್ಲ ಅಣ್ಣಾ" ಅಂದರು.

ಆ ಮಾತು ಕೇಳಿದ ಮೇಲೆ ಎಲ್ಲ ಕೂಡಿಬಂತು. ಹೊಗೆಸೊಪ್ಪಿನ ಗಿಡದ ಹತ್ತಿರದ ಹಿಪ್ಪುನೇರಳೆ ಸೊಪ್ಪನ್ನು ಹುಳುವಿಗೆ ಹಾಕಬಾರದು ಅನ್ನುವುದು ರೇಷ್ಮೆ ಸಾಕುವವರಲ್ಲಿ ಹಳೆಯ ಪಾಠ. ಹುಳು ಮನೆಯೊಳಗೆ ಬೀಡಿ ಸೇದಬಾರದು, ಹೊಗೆಸೊಪ್ಪು ತಿಕ್ಕಿದ ಕೈಯಲ್ಲಿ ಸೊಪ್ಪು ಹಾಕಬಾರದು ಅನ್ನುವುದೂ ಅದೇ ಕಾರಣಕ್ಕೆ. ನಿಕೋಟಿನ್ ಹುಳುವಿನ ನರಗಳನ್ನು ಹಿಡಿಯುತ್ತದೆ, ಸ್ವಲ್ಪ ಸಾಕು.

ಆದರೂ ಅನುಮಾನದ ಮೇಲೆ ಎರಡು ಮನೆಗಳ ನಡುವೆ ಜಗಳ ಹಚ್ಚಬಾರದು ಅಂತ ಒಂದು ಸಣ್ಣ ಪರೀಕ್ಷೆ ಮಾಡಿಸಿದೆ. ಚೆನ್ನಾಗಿದ್ದ ಹುಳುಗಳನ್ನೇ ಆರಿಸಿ ಎರಡು ತಟ್ಟೆಗೆ ಹಾಕಿದೆವು. ಒಂದಕ್ಕೆ ಗೋಡೆ ಪಕ್ಕದ ಸೊಪ್ಪು, ಇನ್ನೊಂದಕ್ಕೆ ದೂರದ ಸಾಲಿನದು. ಕೆಲವೇ ಗಂಟೆಗಳಲ್ಲಿ ಮೊದಲನೇ ತಟ್ಟೆಯ ಹುಳು ತಲೆ ಎತ್ತಿ ನಿಂತವು. ಎರಡನೇ ತಟ್ಟೆಯವು ಮೇಯುತ್ತಲೇ ಇದ್ದವು. ಹುಡುಗನನ್ನೂ ಕರೆದು ತೋರಿಸಿದೆವು. ಅವನು ಬಹಳ ಹೊತ್ತು ಆ ತಟ್ಟೆಗಳನ್ನೇ ನೋಡಿದ. ಆಮೇಲೆ ತಾನೇ ಸ್ಪ್ರೇ ಮಾಡಿದ ವಿಷಯ ಹೇಳಿದ.

ವಿಷ ಗೋಡೆ ದಾಟಿದ ದಾರಿ ಯಾವುದು? ಗೋಡೆ ಮೇಲೆ ಹೊಡೆದ ಕಷಾಯ ಗಾಳಿಗೆ ಹಾರಿ ಸೊಪ್ಪಿನ ಮೇಲೆ ಕೂತದ್ದೇ ಮುಖ್ಯ ಕಾರಣ ಅಂತ ನನ್ನ ತೀರ್ಮಾನ, ಯಾಕೆಂದರೆ ಹುಳು ಕೆಟ್ಟದ್ದು ಸ್ಪ್ರೇ ಆದ ಮೇಲೆ. ಹೊಗೆಸೊಪ್ಪಿನ ಗಿಡದಿಂದಲೂ ನಿಕೋಟಿನ್ ಗಾಳಿಗೆ ಹೋಗಿ ಹತ್ತಿರದ ಎಲೆಗಳ ಮೇಲೆ ಕೂರುತ್ತದೆ, ಅದೂ ಸೇರಿರಬಹುದು. ಕೈಯಿಂದ ಹೋಗಿರುವ ಸಾಧ್ಯತೆ ಇಲ್ಲ. ಹಾಗೆ ಆಗಿದ್ದರೆ ಎರಡೂ ಸ್ಟ್ಯಾಂಡಿನ ಹುಳು ಕೆಡಬೇಕಿತ್ತು.

ಮನೆಯಲ್ಲಿ ಮಾಡಿದ ಕಷಾಯ ಅಂದರೆ ಜನ ಮೆದು ಔಷಧಿ ಅಂದುಕೊಳ್ಳುತ್ತಾರೆ. ಹೊಗೆಸೊಪ್ಪಿನದು ಹಾಗಲ್ಲ. ಇದೇ ನಿಕೋಟಿನ್‌ನಿಂದ ಮಾಡಿದ ನಿಕೋಟಿನ್ ಸಲ್ಫೇಟ್ ಅನ್ನುವ ಕೀಟನಾಶಕದ ಬಳಕೆಯನ್ನು ನಮ್ಮ ದೇಶದಲ್ಲಿ ನಿಷೇಧಿಸಲಾಗಿದೆ. ಹಿತ್ತಲಿನ ಸೊಪ್ಪು, ತರಕಾರಿಗೆ ಹೊಡೆದು ಮರುದಿನ ಕಿತ್ತು ಅಡುಗೆ ಮಾಡುವವರು ಇದನ್ನು ಯೋಚಿಸಬೇಕು, ಅಲ್ವಾ?

ಆ ದಿನದ ತೀರ್ಮಾನಗಳು

ಮೊದಲು ಹುಳು. ಕೆಟ್ಟ ಸೊಪ್ಪನ್ನೆಲ್ಲ ಸ್ಟ್ಯಾಂಡಿನಿಂದ ತೆಗೆಸಿದೆವು. ಕಿಟಕಿಗಳನ್ನು ತೆರೆದು ಗಾ‌ಳಿ ಆಡುವಂತೆ ಮಾಡಿದೆವು, ಹುಳುವಿನ ಮೇಲೆ ಮೊಟ್ಟೆ ಇಡುವ ಊಜಿ ನೊಣ ಬರದಂತೆ ಕಟ್ಟಿದ ಪರದೆ ಮಾತ್ರ ಹಾಗೇ ಇತ್ತು. ದೂರದ ಸಾಲಿನ ತಾಜಾ ಸೊಪ್ಪು ಹಾಕಿದೆವು. ಸ್ವಲ್ಪ ತಗುಲಿದ್ದ ಹುಳುಗಳು ಸಂಜೆ ಹೊತ್ತಿಗೆ ಒಂದೊಂದಾಗಿ ಮೇಯಲು ಶುರು ಮಾಡಿದವು. ಜಾಸ್ತಿ ತಗುಲಿದ್ದವು ಏಳಲಿಲ್ಲ. ಅವನ್ನು ಆರಿಸಿ ಹೂಳಿಸಿದೆವು. ಆ ಸ್ಟ್ಯಾಂಡಿನ ಗೂಡು ಕಮ್ಮಿ ಬಂತು, ಎದುರಿನ ಸ್ಟ್ಯಾಂಡಿನದು ಚೆನ್ನಾಗಿ ಬಂತು.

ಆಮೇಲೆ ಗಿಡ. ಹುಡುಗ ಮೊದಲು ಹೇಳಿದ್ದು, ಗೋಡೆ ಕಡೆಗೆ ಎರಡು ಪದರ ನೆಟ್ ಕಟ್ಟುತ್ತೇನೆ, ಇನ್ನು ಸ್ಪ್ರೇ ಮಾಡುವುದಿಲ್ಲ ಅಂತ. ನಾನು ಬೇಡ ಅಂದೆ. ನೆಟ್ ಬೆಳಕನ್ನು ತಡೆಯುತ್ತದೆ. ಗಾಳಿಯನ್ನು, ಆವಿಯನ್ನು, ಸಣ್ಣ ಹನಿಯನ್ನು ತಡೆಯುವುದಿಲ್ಲ. ಎಷ್ಟು ಪದರ ಹಾಕಿದರೂ ಅದರ ಕೆಲಸ ಅಷ್ಟೇ. ಹತ್ತು ಅಡಿ ದೂರದಲ್ಲಿ ಹುಳುವಿನ ಸೊಪ್ಪು ಇರುವಾಗ ಹೊಗೆಸೊಪ್ಪಿಗೆ ಅಲ್ಲಿ ಜಾಗ ಇಲ್ಲ. ಹುಡುಗನ ತಂದೆ ಸುಮ್ಮನಿದ್ದರು. ಅಜ್ಜಿಯ ಆಸೆಯ ಬೆಳೆ, ಕೀಳಿಸು ಅಂತ ಹೇಳಲು ಅವರಿಗೆ ಬಾಯಿ ಬರಲಿಲ್ಲ.

ತೀರ್ಮಾನ ಹೇಳಿದ್ದು ಅಜ್ಜಿಯೇ. ಅವರು ತಮ್ಮ ಕಾಲದಲ್ಲಿ ಹುಳು ಮೇಯಿಸಿ ಮಕ್ಕಳನ್ನು ಓದಿಸಿದವರು. ಹುಳು ಮನೆಗೆ ಹೋಗುವ ಮೊದಲು ಎಲೆ ಅಡಿಕೆ ಉಗಿದು, ಬಾಯಿ ಮುಕ್ಕಳಿಸಿ, ಕೈ ತೊಳೆದುಕೊಂಡು ಹೋಗುತ್ತಿದ್ದದ್ದನ್ನು ಅವರೇ ಹೇಳಿದರು. "ಪಕ್ಕದವ್ರ ಅನ್ನಕ್ಕೆ ಕಲ್ಲು ಹಾಕ್ಬಾರ್ದು. ಕಿತ್ತಾಕಪ್ಪಾ, ಇವತ್ತೇ ಕಿತ್ತಾಕು" ಅಂದರು. ನನಗೆ ಆ ತಾಯಿಯ ಮೇಲೆ ಬಹಳ ಗೌರವ ಬಂತು.

ಕೀಳುವುದರಲ್ಲೂ ಎಚ್ಚರಿಕೆ ಬೇಕಿತ್ತು. ಕಿತ್ತ ಗಿಡವನ್ನು ಸುಡಬೇಡಿ ಅಂದೆ, ಆ ಹೊಗೆ ಹುಳು ಮನೆಗೆ ಹೋದರೆ ಇನ್ನೊಂದು ಅನಾಹುತ. ರೇಷ್ಮೆ ತೋಟದ ಗೊಬ್ಬರದ ಗುಂಡಿಗೂ ಹಾಕಬಾರದು, ದನದ ಮುಂದೆಯೂ ಎಸೆಯಬಾರದು. ಬಿಸಿಲು ಬಂದು ಎಲೆ ಆರಿದ ಮೇಲೆ, ಗ್ಲೌಸ್, ತುಂಬುತೋಳಿನ ಅಂಗಿ ಹಾಕಿಕೊಂಡು ಕಿತ್ತು, ತೋಟದಿಂದ ದೂರ ಗುಂಡಿ ತೆಗೆದು ಹೂಳಿದರು. ಉಳಿದ ಕಷಾಯವನ್ನೂ ಅಲ್ಲೇ ಸುರಿದರು. ಗೋಡೆ ಪಕ್ಕದ ಹಿಪ್ಪುನೇರಳೆ ಸಾಲುಗಳನ್ನು ಪಕ್ಕದ ಮನೆಯವರು ಸವರಿ, ಆ ಸೊಪ್ಪನ್ನೂ ಹೂಳಿದರು. ನಷ್ಟದ ಲೆಕ್ಕವನ್ನು ಎರಡೂ ಮನೆಯ ಹಿರಿಯರು ಕೂತು ಮಾತಾಡಿ ತೀರಿಸಿಕೊಂಡರು. ಅದರ ಅಂಕಿ ಇಲ್ಲಿ ಬೇಡ.

ಖಾಲಿ ಹುಳು ಮನೆಯಲ್ಲಿ ಸಿಕ್ಕಿದ್ದು

ಇದೊಂದು ಯಾರ ಗಮನದಲ್ಲೂ ಇರಲಿಲ್ಲ. ಮೊದಲ ಸಲ ಕಿತ್ತ ಎಲೆಗಳನ್ನು ಒಣಗಿಸಲು ಹುಡುಗ ತಮ್ಮ ಹಳೆಯ ಹುಳು ಮನೆಯನ್ನೇ ಆರಿಸಿಕೊಂಡಿದ್ದ. ಗಾಳಿ ಬೆಳಕು ಚೆನ್ನಾಗಿದೆ, ಎಲೆ ಸಿಕ್ಕಿಸಲು ಚಂದ್ರಿಕೆ ಇದೆ. ಆ ಹುಳು ಮನೆಯನ್ನು ಮುಂದಿನ ಬೆಳೆಗೆ ಬಾಡಿಗೆಗೆ ಕೊಡುವ ಮಾತೂ ನಡೆದಿತ್ತು, ಅದೂ ಇದೇ ಪಕ್ಕದ ಮನೆಯವರಿಗೆ! ಎಲೆ ತೂಗಿದ ಚಂದ್ರಿಕೆಗೆ ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ ಹುಳು ಹಾಕಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿ.

ಎಲೆಯೂ ಸರಿಯಾಗಿ ಒಣಗಿರಲಿಲ್ಲ. ಹೊಗೆಸೊಪ್ಪು ನೆರಳಿನಲ್ಲಿ ನಿಧಾನವಾಗಿ, ವಾರಗಟ್ಟಲೆ ಆರಬೇಕು. ಮಳೆಗಾಲದ ತೇವದಲ್ಲಿ ಈ ತೆಳು ಎಲೆಗಳು ಒಂದಕ್ಕೊಂದು ಅಂಟಿ ಬೂಸ್ಟು ಹಿಡಿದಿದ್ದವು. ಅಜ್ಜಿ ಅದರಲ್ಲಿ ಚೆನ್ನಾಗಿರುವುದನ್ನು ಆರಿಸಿ ಇಟ್ಟುಕೊಳ್ಳಲು ನೋಡಿದರು. ಆಗ ಅವರಿಗೆ ಕೂತು ಬಿಡಿಸಿ ಹೇಳಬೇಕಾಯಿತು. ಹೊಗೆಸೊಪ್ಪಿನಲ್ಲಿ ಕ್ಯಾನ್ಸರ್ ತರುವ ನೈಟ್ರೋಸಮೀನ್ ಅನ್ನುವ ವಸ್ತುಗಳು ಮುಖ್ಯವಾಗಿ ಹುಟ್ಟುವುದೇ ಒಣಗುವ ಹೊತ್ತಿನಲ್ಲಿ. ತೇವ ಜಾಸ್ತಿ ಇದ್ದು ಸೂಕ್ಷ್ಮಜೀವಿಗಳು ಬೆಳೆದರೆ ಇನ್ನೂ ಜಾಸ್ತಿ. ಔಷಧಿ ಹೊಡೆಯದೆ ಮನೆಯಲ್ಲಿ ಬೆಳೆದರೂ ಅದು ತಪ್ಪುವುದಿಲ್ಲ. 2016-17ರ ದೇಶದ ತಂಬಾಕು ಸಮೀಕ್ಷೆಯಲ್ಲಿ ದೊಡ್ಡವರಲ್ಲಿ ನೂರಕ್ಕೆ 21 ಜನ ಜಗಿಯುವ, ತಿಕ್ಕುವ ತಂಬಾಕು ಬಳಸುತ್ತಾರೆ ಅಂತ ಬಂದಿತ್ತು. ನಮ್ಮ ಹಳ್ಳಿಗಳ ಅಜ್ಜಿಯರೂ ಆ ಲೆಕ್ಕದಲ್ಲಿದ್ದಾರೆ. ಅವರನ್ನು ಬೈದರೆ ಪ್ರಯೋಜನ ಇಲ್ಲ. ಬಿಡಲು ಸಹಾಯ ಬೇಕೆಂದರೆ 1800-11-2356 ಅನ್ನುವ ಸರ್ಕಾರದ ಉಚಿತ ಸಹಾಯವಾಣಿ ಇದೆ, ಮೊಮ್ಮಗನೇ ಅಜ್ಜಿಗೆ ಆ ನಂಬರ್ ಹಚ್ಚಿಕೊಟ್ಟ. ಅಜ್ಜಿ ಪೂರ್ತಿ ಬಿಟ್ಟಿಲ್ಲ. ಕಮ್ಮಿ ಮಾಡಿದ್ದಾರೆ. ಬಾಯಿ ಒಮ್ಮೆ ಡಾಕ್ಟರಿಗೆ ತೋರಿಸಿಕೊಂಡೂ ಬಂದಿದ್ದಾರೆ.

ಹುಳು ಮನೆಯನ್ನು ಗುಡಿಸಿ, ನೆಲ ಗೋಡೆಯೆಲ್ಲ ಬ್ಲೀಚಿಂಗ್ ಪೌಡರ್ ನೀರಲ್ಲಿ ತೊಳೆದು, ಸುಣ್ಣ ಹೊಡೆದು, ಕಿಟಕಿ ಬಾಗಿಲು ತೆರೆದು ಬಿಟ್ಟರು. ಎಲೆ ತೂಗಿದ್ದ ಚಂದ್ರಿಕೆಗಳನ್ನು ಹುಳುವಿಗೆ ಬಳಸುವುದಿಲ್ಲ ಅಂತ ಗುರುತು ಮಾಡಿ ಬೇರೆ ಇಟ್ಟರು.

ಬೇರೆಯವರು ಇದೇ ಜಾಗದಲ್ಲಿದ್ದರೆ

ಇಂಥ ಯೋಚನೆ ಇರುವವರು ನನ್ನನ್ನು ಕೇಳಿದರೆ, ಬೀಜಕ್ಕಿಂತ ಮೊದಲು ಗೋಡೆ ಹತ್ತಿ ನೋಡಿ ಅನ್ನುತ್ತೇನೆ. ಆಚೆ ಹಿಪ್ಪುನೇರಳೆ ಇದ್ದರೆ ಹೊಗೆಸೊಪ್ಪಿನ ಮಾತು ಅಲ್ಲಿಗೇ ಬಿಡಿ. ಶಿಡ್ಲಘಟ್ಟ, ಚಿಂತಾಮಣಿ, ಕೋಲಾರದ ಎಷ್ಟೋ ಊರುಗಳಲ್ಲಿ ಹಿತ್ತಲ ಪಕ್ಕ ರೇಷ್ಮೆ ತೋಟ ಇರುವುದು ಸಾಮಾನ್ಯ. ಹೊಗೆಸೊಪ್ಪು ಹಾಕಿದ ಯಾವ ಕಷಾಯವನ್ನೂ ಅಂಥ ಕಡೆ ಹೊಡೆಯಬಾರದು, ಅಂಗಡಿಯಿಂದ ತಂದ ಪುಡಿಯದ್ದೂ ಅಷ್ಟೇ. ಹಿತ್ತಲಿನ ಹೇನು, ಬಿಳಿ ನೊಣಕ್ಕೆ ಸೋಪಿನ ನೀರು, ಹಳದಿ ಅಂಟು ಹಲಗೆ ಬಹಳ ಮಟ್ಟಿಗೆ ಸಾಕು.

ರೇಷ್ಮೆ ಬೆಳೆಗಾರರ ಕಡೆಯಿಂದಲೂ ಒಂದು ಮಾತಿದೆ. ಪಕ್ಕದ ಹಿತ್ತಲಲ್ಲಿ ಎರಡು ತಿಂಗಳು ಹೊಗೆಸೊಪ್ಪು ಬೆಳೆದು ನಿಂತಿದ್ದರೂ ಆಚೆ ಮನೆಯವರಿಗೆ ಕಾಣಲಿಲ್ಲ, ನೆಟ್ ಮರೆ ಮಾಡಿತ್ತು. ನೆಟ್ ಕಟ್ಟಿದ್ದು ಕಂಡಾಗ "ಒಳಗೆ ಏನಪ್ಪಾ ಹಾಕಿದ್ದೀಯ?" ಅಂತ ಕೇಳುವುದರಲ್ಲಿ ತಪ್ಪಿಲ್ಲ. ನಾಲ್ಕನೇ ಜ್ವರ ಎದ್ದ ಹುಳುವಿಗೆ ಅಂಚಿನ ಸಾಲುಗಳ ಸೊಪ್ಪನ್ನು ಹಾಕುವ ಮೊದಲು ಒಂದು ತಟ್ಟೆ ಹುಳುವಿಗೆ ಹಾಕಿ ನೋಡುವುದು ಖರ್ಚಿಲ್ಲದ ಕೆಲಸ.

ಆ 50 ಪರ್ಸೆಂಟ್ ನೆಟ್ ಈಗ ಹಿತ್ತಲಿನ ಇನ್ನೊಂದು ಮೂಲೆಯಲ್ಲಿದೆ. ಅದರ ಕೆಳಗೆ ಮೆಣಸಿನಕಾಯಿ, ಬದನೆ ಸಸಿಗಳ ಟ್ರೇ ಇವೆ, ಬೇಸಿಗೆಯಲ್ಲಿ ಕೊತ್ತಂಬರಿ, ಪಾಲಕ್ ಬೆಳೆಯುತ್ತಾರೆ. ಬಿಸಿಲು ಜಾಸ್ತಿಯಾದಾಗ ಆ ಸೊಪ್ಪುಗಳಿಗೆ ನೆರಳು ನಿಜವಾಗಿಯೂ ಬೇಕು. ಪಕ್ಕದ ಮನೆಯವರು ಸವರಿದ ಸಾಲುಗಳಲ್ಲಿ ಹೊಸ ಚಿಗುರು ಬಂದಾಗ ಮೊದಲು ಒಂದು ತಟ್ಟೆ ಹುಳುವಿಗೆ ಹಾಕಿ, ಒಂದು ದಿನ ಕಾದು ನೋಡಿದರು. ಹುಳು ಮೇಯ್ದವು, ಏನೂ ಆಗಲಿಲ್ಲ. ಅದಾದ ಮೇಲೆಯೇ ಆ ಸಾಲಿನ ರೆಂಬೆ ಕಡಿದು ಸ್ಟ್ಯಾಂಡಿಗೆ ಹಾಕಿದರು.